ಸಾವಿರ ಮೀಟರ್ ಕೊರೆಯುವ ಮೊದಲು ಎರಡು ಮೀಟರ್ ಕೆಳಗೆ ಮುಟ್ಟಿ ನೋಡಿ

ಡಿಸೆಂಬರ್ ತಿಂಗಳ ಬೆಳಗಿನ ಜಾವ ಬಾವಿಯಿಂದ ನೀರು ಸೇದಿದವರಿಗೆ ಗೊತ್ತು, ಕೊಡದ ಬಾಯಿಂದ ಸಣ್ಣಗೆ ಹಬೆ ಏಳುತ್ತಿರುತ್ತದೆ. ಹೊರಗೆ ಮೈ ನಡುಗಿಸುವ ಚಳಿ, ಕೈಗೆ ಬಿದ್ದ ನೀರು ಮಾತ್ರ ಬೆಚ್ಚಗೆ. ಅದೇ ಬಾವಿಯ ನೀರು ಏಪ್ರಿಲ್ ಮಧ್ಯಾಹ್ನ ತಣ್ಣಗೆ ಹಿತವಾಗಿರುತ್ತದೆ. ನಿಜ ಹೇಳಬೇಕೆಂದರೆ ನೀರಿನ ಬಿಸಿ ಹೆಚ್ಚುಕಡಿಮೆ ಅಷ್ಟೇ ಇದೆ, ಬದಲಾದದ್ದು ಮೇಲಿನ ಗಾಳಿ. ನೆಲ ಕೆಳಗಿಳಿದಷ್ಟೂ ಮೇಲಿನ ಹಗಲು ರಾತ್ರಿ, ಬೇಸಿಗೆ ಚಳಿಗಾಲಗಳನ್ನು ಮರೆಯುತ್ತಾ ಹೋಗುತ್ತದೆ. ಬಯಲುಸೀಮೆಯ ಹಿರಿಯರು ಹಗೇವು ತೋಡಿ ಜೋಳ ತುಂಬಿಡುತ್ತಿದ್ದಾಗ ಅವರಿಗೂ ಇದು ಗೊತ್ತಿತ್ತು.

ಭೂಮಿಯ ಒಳಗಿನ ಶಾಖದಿಂದ ವಿದ್ಯುತ್ ಮಾಡಹೊರಟವರಿಗೆ ಈ ಸಣ್ಣ ಸಂಗತಿ ಬಹಳ ಉಪಯೋಗಕ್ಕೆ ಬರುತ್ತದೆ. ಮೇಲಿನ ಬಿಸಿಲನ್ನು ನೆಲ ಸಾಕಷ್ಟು ಮರೆತಿರುವ ಆಳದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಅಕ್ಕಪಕ್ಕದ ಜಾಗಕ್ಕಿಂತ ಅಲ್ಲಿ ಬಿಸಿ ಜಾಸ್ತಿ ಇದ್ದರೆ, ಆ ಹೆಚ್ಚುವರಿ ಬಿಸಿ ಕೆಳಗಿನಿಂದ ಬಂದಿರುವ ಸಾಧ್ಯತೆ ಇದೆ. ಇದನ್ನು ತಿಳಿಯಲು ನೂರಾರು ಮೀಟರ್ ಕೊರೆಯಬೇಕಿಲ್ಲ. ಎರಡು ಮೀಟರ್ ಸಾಕು. ಒಂದು ಉಕ್ಕಿನ ಸಲಾಕೆ, ಒಂದು ಸುತ್ತಿಗೆ ಯಂತ್ರ, ಒಂದು ಗಂಟೆ ತಾಳ್ಮೆ.

ಈಗ ಯಾಕೆ ಈ ಮಾತು ಅಂದರೆ, 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂಶಾಖ ಶಕ್ತಿಗೆಂದೇ ಒಂದು ರಾಷ್ಟ್ರೀಯ ನೀತಿಯನ್ನು ಹೊರಡಿಸಿತು. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ, ಸುಮಾರು 10,600 ಮೆಗಾವಾಟ್ ಶಕ್ತಿ ಅಡಗಿದೆ ಎಂಬ ಅಂದಾಜು ಬಹಳ ವರ್ಷಗಳಿಂದ ಓಡಾಡುತ್ತಿದೆ. ನೀತಿ ಬಂದ ಮೇಲೆ ಕಂಪನಿಗಳು ಬರುತ್ತವೆ, ರಿಗ್‌ಗಳು ಬರುತ್ತವೆ, ಎಲ್ಲಿ ಕೊರೆಯಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಆಳವಾದ ಒಂದು ಭೂಶಾಖ ಬಾವಿಗೆ ಹತ್ತಾರು ಕೋಟಿ ರೂಪಾಯಿ ಬೇಕು. ಕೆಳಗೆ ಬಿಸಿ ಸಿಗಲಿಲ್ಲ ಅಂದರೆ, ಅಥವಾ ಬಿಸಿ ಸಿಕ್ಕಿಯೂ ನೀರು ಹರಿಯಲಿಲ್ಲ ಅಂದರೆ, ಆ ದುಡ್ಡು ಹೋದ ಹಾಗೇ. ಬೋರ್‌ವೆಲ್ ಕೊರೆಸಿ ಬರೀ ಧೂಳು ಕಂಡ ರೈತರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮೊದಲ ದುಡ್ಡು ರಿಗ್‌ಗೆ ಹೋಗದೆ ಸಲಾಕೆಗೆ ಹೋಗಬೇಕು ಎನ್ನುವುದು ನನ್ನ ವಾದ. ಯಾಕೆ, ಎಷ್ಟರ ಮಟ್ಟಿಗೆ, ಎಲ್ಲಿ ಇದು ಕೈಕೊಡುತ್ತದೆ ಎಂಬುದನ್ನೂ ಹೇಳುತ್ತೇನೆ.

ಈ ಕೆಲಸ ಚೆನ್ನಾಗಿ ನಡೆದಿರುವುದು ಅಮೆರಿಕದ ನೆವಾಡಾ ರಾಜ್ಯದಲ್ಲಿ. ಅಲ್ಲಿನ ನೆಲ ಪೂರ್ವ ಪಶ್ಚಿಮವಾಗಿ ಎಳೆದಂತೆ ಹಿಗ್ಗುತ್ತಾ ಬಂದಿದೆ. ಹಿಗ್ಗಿದ್ದರಿಂದ ಭೂಮಿಯ ಹೊರ ತೊಗಟೆ ತೆಳುವಾಗಿದೆ, ಉದ್ದುದ್ದ ಬಿರುಕುಗಳು ಬಿದ್ದಿವೆ. ಒಂದು ಬೆಟ್ಟದ ಸಾಲು, ಒಂದು ಚಪ್ಪಟೆ ಕಣಿವೆ, ಮತ್ತೆ ಬೆಟ್ಟದ ಸಾಲು, ಮತ್ತೆ ಕಣಿವೆ, ಹೀಗೇ ನೂರಾರು ಮೈಲಿ. ಮಳೆನೀರು ಬಿರುಕುಗಳಲ್ಲಿ ಕಿಲೋಮೀಟರ್‌ಗಟ್ಟಲೆ ಕೆಳಗಿಳಿದು, ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಇಂಥ ಬಿಸಿನೀರಿನಿಂದಲೇ ಬರುತ್ತದೆ.

ಆದರೆ ಕಾದು ಮೇಲೆ ಬಂದ ನೀರೆಲ್ಲ ಬುಗ್ಗೆಯಾಗಿ ಹೊರಗೆ ಕಾಣುವುದಿಲ್ಲ. ಕಣಿವೆಯಲ್ಲಿ ಮಣ್ಣು ಮರಳು ನೂರಾರು ಮೀಟರ್ ತುಂಬಿಕೊಂಡಿರುತ್ತದೆ. ಬಿಸಿನೀರು ಆ ಮರಳಿನೊಳಗೇ ಅಡ್ಡಕ್ಕೆ ಹರಿದು ತಣ್ಣಗಾಗಿಬಿಡುತ್ತದೆ. ಮೇಲೆ ನಿಂತವರಿಗೆ ಕಾಣುವುದು ಕುರುಚಲು ಗಿಡ ಮತ್ತು ಧೂಳು. ಇಂಥವನ್ನು ಅಲ್ಲಿನವರು ಬ್ಲೈಂಡ್ ಸಿಸ್ಟಮ್ ಅನ್ನುತ್ತಾರೆ, ನಾವು ಕಣ್ಮರೆ ನೆಲೆ ಅನ್ನಬಹುದು. ಆ ಸೀಮೆಯ ಭೂಶಾಖ ನೆಲೆಗಳಲ್ಲಿ ಮುಕ್ಕಾಲು ಪಾಲು ಹೀಗೆ ಅಡಗಿರಬಹುದು ಎಂದು ನೆವಾಡಾದ ಭೂವಿಜ್ಞಾನಿ ಜೇಮ್ಸ್ ಫಾಲ್ಡ್ಸ್ ಮತ್ತು ಅವರ ಜೊತೆಗಾರರ ಅಂದಾಜು. 2008ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಪಶ್ಚಿಮದ ರಾಜ್ಯಗಳಿಗೆ ಲೆಕ್ಕ ಹಾಕಿದಾಗ ಗೊತ್ತಿರುವ ನೆಲೆಗಳಲ್ಲಿ ಸುಮಾರು 9,000 ಮೆಗಾವಾಟ್, ಇನ್ನೂ ಪತ್ತೆಯಾಗದವುಗಳಲ್ಲಿ ಸುಮಾರು 30,000 ಮೆಗಾವಾಟ್ ಎಂದು ಬಂತು. ಕಂಡದ್ದಕ್ಕಿಂತ ಕಾಣದ್ದು ಮೂರು ಪಟ್ಟು ಜಾಸ್ತಿ.

ಹಿಂದೆಲ್ಲ ಇಂಥ ಜಾಗಗಳು ಅಕಸ್ಮಾತ್ತಾಗಿ ಸಿಗುತ್ತಿದ್ದವು. ನೆವಾಡಾದ ಬ್ಲೂ ಮೌಂಟನ್‌ನಲ್ಲಿ ಚಿನ್ನ ಹುಡುಕಲು ಕೊರೆದವರಿಗೆ ಬಿಸಿನೀರು ಸಿಕ್ಕಿತು, 2009ರಿಂದ ಅಲ್ಲಿ ವಿದ್ಯುತ್ ಸ್ಥಾವರ ಇದೆ. ನಮ್ಮಲ್ಲೂ ಹೀಗೇ ಆಗಿದೆ. ತೆಲಂಗಾಣದ ಮಣುಗೂರು ಹತ್ತಿರ ಕಲ್ಲಿದ್ದಲಿಗಾಗಿ ಕೊರೆದ ಆಳದ ಬಾವಿಯಿಂದ ಬಿಸಿನೀರು ತಾನಾಗಿ ಉಕ್ಕಿತು. ಸಿಂಗರೇಣಿ ಕಲ್ಲಿದ್ದಲು ಸಂಸ್ಥೆ ಅದನ್ನೇ ಬಳಸಿ ಪಗಿಡೇರು ಗ್ರಾಮದಲ್ಲಿ 20 ಕಿಲೋವಾಟ್‌ನ ಪುಟ್ಟ ಪ್ರಾಯೋಗಿಕ ಘಟಕ ಹಾಕಿತು. ಒಳ್ಳೆಯದೇ. ಆದರೆ ಇನ್ನೊಂದಕ್ಕಾಗಿ ಕೊರೆದಾಗ ಇದು ಸಿಗಲಿ ಎಂದು ಕಾಯುತ್ತಾ ಕೂರಲಾಗುತ್ತದೆಯೇ?

ಎರಡು ಮೀಟರ್ ಸರ್ವೆ ಹೇಗೆ ನಡೆಯುತ್ತದೆ ನೋಡಿ. ಬೆರಳು ದಪ್ಪದ ಪೊಳ್ಳು ಉಕ್ಕಿನ ಸಲಾಕೆ, ಆಳುದ್ದಕ್ಕಿಂತ ಸ್ವಲ್ಪ ಜಾಸ್ತಿ ಉದ್ದ. ಅದರ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್‌ನ ಗಟ್ಟಿ ಮೊನೆ. ನಾಲ್ಕು ಚಕ್ರದ ಸಣ್ಣ ಗಾಡಿಯ ಮೇಲೆ ಒಂದು ಜನರೇಟರ್ ಇರುತ್ತದೆ. ಕಾಂಕ್ರೀಟ್ ಒಡೆಯಲು ಬಳಸುತ್ತಾರಲ್ಲ, ಅಂಥ ಕರೆಂಟಿನ ಸುತ್ತಿಗೆ ಯಂತ್ರವನ್ನು ಸಲಾಕೆಯ ತಲೆಯ ಮೇಲೆ ಕೂರಿಸುತ್ತಾರೆ. ಗಡಗಡ ಸದ್ದು. ಮೆತ್ತನೆ ಮಣ್ಣಾದರೆ ಕೆಲವೇ ನಿಮಿಷಗಳಲ್ಲಿ ಸಲಾಕೆ ಇಳಿಯುತ್ತದೆ, ಗರಸು ಸಿಕ್ಕಿದರೆ ಒದ್ದಾಡಬೇಕು, ಕಲ್ಲು ಅಡ್ಡ ಬಂದರೆ ಕಿತ್ತು ಎರಡು ಹೆಜ್ಜೆ ಆಚೆ ಮತ್ತೆ ಶುರು. ಇಳಿದ ಮೇಲೆ ಪೊಳ್ಳಿನೊಳಗೆ ತಂತಿಯ ತುದಿಯಲ್ಲಿ ಪ್ಲಾಟಿನಂ ಸೆನ್ಸರ್ ಬಿಡುತ್ತಾರೆ. ಹೊಡೆತದ ಉಜ್ಜಾಟಕ್ಕೆ ಸಲಾಕೆಯೇ ಬಿಸಿಯಾಗಿರುತ್ತದೆ, ಅದಕ್ಕೇ ತಕ್ಷಣ ಓದುವಂತಿಲ್ಲ. ಸುಮಾರು ಒಂದು ಗಂಟೆ ಬಿಟ್ಟರೆ ಸಲಾಕೆಗೆ ಸುತ್ತಲಿನ ಮಣ್ಣಿನ ಬಿಸಿಯೇ ಬರುತ್ತದೆ. ಅಷ್ಟರೊಳಗೆ ತಂಡ ಮುಂದಿನ ಜಾಗಗಳಲ್ಲಿ ಬೇರೆ ಸಲಾಕೆಗಳನ್ನು ಹೊಡೆದಿರುತ್ತದೆ. ಆಮೇಲೆ ಬಂದು ಒಂದು ಮೀಟರ್, ಒಂದೂವರೆ ಮೀಟರ್, ಎರಡು ಮೀಟರ್ ಆಳದ ಓದುಗಳನ್ನು ಬರೆದುಕೊಂಡು, ಸಲಾಕೆ ಎಳೆದು ಮುಂದೆ ಹೋಗುತ್ತಾರೆ. ನೆಲ ಚೆನ್ನಾಗಿದ್ದರೆ ದಿನಕ್ಕೆ ಇಪ್ಪತ್ತು ಮೂವತ್ತು ಜಾಗ ಮುಗಿಯುತ್ತದೆ. ಹಿಂದೆ ಬಿಟ್ಟುಹೋಗುವುದು ಬೆರಳು ಹೋಗುವಷ್ಟು ತೂತು ಮಾತ್ರ. ರಸ್ತೆ ಕಡಿಯಬೇಕಿಲ್ಲ, ಮರ ಉರುಳಿಸಬೇಕಿಲ್ಲ.

ಎರಡು ಮೀಟರ್ ಅನ್ನೋದು ಸುಮ್ನೆ ಇಟ್ಟುಕೊಂಡ ಲೆಕ್ಕ ಅಲ್ಲ. ಬಿಸಿಲಿನ ಬಿಸಿ ಮಣ್ಣಿನೊಳಗೆ ಅಲೆಯ ಹಾಗೆ ಇಳಿಯುತ್ತದೆ, ಇಳಿಯುತ್ತಾ ಸಾಯುತ್ತದೆ. ಹಗಲು ರಾತ್ರಿಯ ಅಲೆ ಚಿಕ್ಕದು, ಸಾಮಾನ್ಯ ಒಣ ಮಣ್ಣಿನಲ್ಲಿ ಗೇಣುದ್ದ ಇಳಿಯುವಷ್ಟರಲ್ಲಿ ಅದರ ಬಲ ಐದರಲ್ಲಿ ಒಂದು ಪಾಲಿಗೆ ಬರುತ್ತದೆ, ಒಂದು ಮೀಟರ್‌ಗೆ ಸಾವಿರದಲ್ಲಿ ಒಂದು ಪಾಲು. ಅಂದರೆ ಇಲ್ಲವೇ ಇಲ್ಲ ಅನ್ನಬಹುದು. ಬೆಳಗ್ಗೆ ಓದಿದ್ದೂ ಮಧ್ಯಾಹ್ನ ಓದಿದ್ದೂ ಒಂದೇ. ಆದರೆ ವರ್ಷದ ಅಲೆ ದೊಡ್ಡದು. ಎರಡು ಮೀಟರ್ ಆಳದಲ್ಲೂ ಅದರ ಬಲ ಅರ್ಧದಷ್ಟು ಉಳಿದಿರುತ್ತದೆ, ಜೊತೆಗೆ ಒಂದೂವರೆ ತಿಂಗಳು ತಡವಾಗಿ ತಲುಪುತ್ತದೆ. ನೆವಾಡಾದಲ್ಲಿ ಮೇಲೆ ಜುಲೈ ಮಧ್ಯದಲ್ಲಿ ಬೇಸಿಗೆ ಏರಿದ್ದರೆ ಕೆಳಗೆ ಅದರ ತುದಿ ಬರುವುದು ಆಗಸ್ಟ್ ಕೊನೆಗೆ. ವರ್ಷದ ಅಲೆಯನ್ನೂ ಪೂರ್ತಿ ಮರೆಯಬೇಕೆಂದರೆ ಹತ್ತು ಹನ್ನೆರಡು ಮೀಟರ್ ಇಳಿಯಬೇಕು, ಆಗ ರಿಗ್ ಬೇಕಾಗುತ್ತದೆ, ಖರ್ಚು ಏರುತ್ತದೆ. ಕೈಯಲ್ಲಿ ಹೊಡೆದು ಇಳಿಸಬಹುದಾದ ಆಳ, ದಿನದ ಗದ್ದಲ ಸತ್ತಿರುವ ಆಳ, ಎರಡೂ ಒಟ್ಟಿಗೆ ಸಿಗುವ ಜಾಗ ಎರಡು ಮೀಟರ್.

ಈ ಅರ್ಧ ಉಳಿದ ವರ್ಷದ ಅಲೆ ಸಣ್ಣ ತಲೆನೋವಲ್ಲ. ನೆವಾಡಾದಂಥ ಜಾಗದಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಇಪ್ಪತ್ತು ಇಪ್ಪತ್ತೈದು ಡಿಗ್ರಿ ವ್ಯತ್ಯಾಸ. ಲೆಕ್ಕ ಹಾಕಿದರೆ ವಸಂತದಲ್ಲೋ ಶರತ್ಕಾಲದಲ್ಲೋ ಎರಡು ಮೀಟರ್ ಆಳದ ಬಿಸಿ ದಿನಕ್ಕೆ ಹತ್ತನೇ ಒಂದು ಡಿಗ್ರಿಯಷ್ಟು ಸರಿಯುತ್ತಿರುತ್ತದೆ. ಸೋಮವಾರ ಕಣಿವೆಯ ಈ ತುದಿಯಲ್ಲಿ ಓದಿ, ಮುಂದಿನ ವಾರ ಗುರುವಾರ ಆ ತುದಿಯಲ್ಲಿ ಓದಿದರೆ ಒಂದು ಡಿಗ್ರಿ ವ್ಯತ್ಯಾಸ ಬರೀ ಕ್ಯಾಲೆಂಡರಿನಿಂದಲೇ ಬಂದುಬಿಡುತ್ತದೆ. ಅದನ್ನು ನೋಡಿ ಬಿಸಿನೀರು ಸಿಕ್ಕಿತು ಎಂದು ಕುಣಿದರೆ ಕೆಟ್ಟೆವು. ಅದಕ್ಕೆ ಒಂದೆರಡು ಸಲಾಕೆಗಳನ್ನು ಕೀಳದೆ ಅಲ್ಲೇ ಬಿಡುತ್ತಾರೆ. ಪ್ರತಿದಿನ ಅವನ್ನು ಓದಿ, ಎಷ್ಟು ಸರಿಯಿತೋ ಅಷ್ಟನ್ನು ಉಳಿದ ಓದುಗಳಿಂದ ಕಳೆಯುತ್ತಾರೆ.

ಇನ್ನೂ ಇದೆ. ಕಪ್ಪು ಕಲ್ಲಿನ ನೆಲ ಬಿಸಿಲು ಕುಡಿಯುತ್ತದೆ, ಬಿಳಿ ಉಪ್ಪಿನ ಬಯಲು ಬಿಸಿಲನ್ನು ವಾಪಸ್ ಎಸೆಯುತ್ತದೆ. ಇವೆರಡರ ಎರಡು ಮೀಟರ್ ಬಿಸಿಯಲ್ಲಿ ಕೆಳಗಿನ ಶಾಖ ಏನೂ ಇಲ್ಲದೆಯೇ ಡಿಗ್ರಿಗಟ್ಟಲೆ ವ್ಯತ್ಯಾಸ ಬರಬಹುದು. ಬೆಟ್ಟದ ದಕ್ಷಿಣದ ಇಳಿಜಾರು ಬಿಸಿ, ಉತ್ತರದ ಇಳಿಜಾರು ತಂಪು. ನೂರು ಮೀಟರ್ ಮೇಲೆ ಹತ್ತಿದರೆ ಸುಮಾರು 0.6 ಡಿಗ್ರಿ ಕಡಿಮೆ. ಒದ್ದೆ ಮಣ್ಣಿನಲ್ಲಿ ಅಲೆ ಬೇರೆ ತರ ಇಳಿಯುತ್ತದೆ, ಒಣ ಮರಳಿನಲ್ಲಿ ಬೇರೆ ತರ. ಇವನ್ನೆಲ್ಲ ಒಂದೊಂದಾಗಿ ಸರಿಪಡಿಸಬೇಕು. ನೆಲ ಎಷ್ಟು ಬಿಸಿಲು ಹೀರುತ್ತದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ತೆಗೆಯುತ್ತಾರೆ, ಇಳಿಜಾರು ಎತ್ತರಗಳನ್ನು ನಕ್ಷೆಯಿಂದ. ಕೊನೆಗೆ ನಕ್ಷೆಯಲ್ಲಿ ಹಾಕುವುದು ಥರ್ಮಾಮೀಟರ್ ತೋರಿಸಿದ ಸಂಖ್ಯೆಯನ್ನಲ್ಲ, ಆ ಜಾಗದಲ್ಲಿ ಸಹಜವಾಗಿ ಇರಬೇಕಾದ ಬಿಸಿಗಿಂತ ಎಷ್ಟು ಡಿಗ್ರಿ ಜಾಸ್ತಿ ಎಂಬುದನ್ನು. ಈ ಸಹಜ ಬಿಸಿಯನ್ನು, ಅಂದರೆ ಹಿನ್ನೆಲೆಯನ್ನು, ತೀರ್ಮಾನಿಸುವುದರಲ್ಲೇ ಸರ್ವೆ ಮಾಡುವವರ ಅನುಭವ ಕಾಣುವುದು. ಸಲಾಕೆ ಹೊಡೆಯುವುದನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯಬಹುದು.

ಇದೇನೂ ನಿನ್ನೆ ಮೊನ್ನೆಯ ಯೋಚನೆ ಅಲ್ಲ. 1970ರ ದಶಕದಲ್ಲಿ, ತೈಲ ಬೆಲೆ ಏರಿ ಜಗತ್ತೇ ಬೇರೆ ಶಕ್ತಿಗಾಗಿ ತಡಕಾಡುತ್ತಿದ್ದಾಗ, ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಓಲ್ಮ್‌ಸ್ಟೆಡ್ ನೆವಾಡಾದಲ್ಲಿ ಒಂದು ಮೀಟರ್ ಆಳದ ಬಿಸಿ ಅಳೆದು 1977ರಲ್ಲಿ ವರದಿ ಬರೆದರು. ಕ್ಯಾಲಿಫೋರ್ನಿಯಾದ ಕೋಸೊದಲ್ಲಿ ಎರಡು ಮೀಟರ್ ಆಳದ ಸರ್ವೆ ಮಾಡಿದವರ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಆಮೇಲೆ ತೈಲ ಅಗ್ಗವಾಯಿತು, ಉತ್ಸಾಹ ಇಳಿಯಿತು. ಆಗಿನ ವಿಧಾನವೂ ನಿಧಾನ. ಆಗರ್ ಎಂಬ ತಿರುಪು ಬೈರಿಗೆಯಿಂದ ಕೊರೆದು, ಕೊಳವೆ ಹೂತು, ತೂತು ಮುಚ್ಚಿ, ಮಣ್ಣು ತಣಿಯುವ ತನಕ ಕಾದು, ಇನ್ನೊಂದು ದಿನ ಬಂದು ಓದಬೇಕಿತ್ತು. ರೀನೋದ ನೆವಾಡಾ ವಿಶ್ವವಿದ್ಯಾಲಯದ ಮಾರ್ಕ್ ಕೂಲ್‌ಬಾ, ಕ್ರಿಸ್ ಸ್ಲಾಡೆಕ್ ಮತ್ತು ಜೊತೆಗಾರರು 2000ದ ದಶಕದ ನಡುವಿನಲ್ಲಿ ಮೇಲೆ ಹೇಳಿದ ಸಲಾಕೆಯ ರೂಪ ಕೊಟ್ಟು ಅದನ್ನು ಚುರುಕು ಮಾಡಿದರು. ಮೊದಲು ಡೆಸರ್ಟ್ ಕ್ವೀನ್ ಎಂಬ ಜಾಗದಲ್ಲಿ ಪರೀಕ್ಷೆ ಮಾಡಿದರು. ಹಿಂದೆ ಕೊರೆದ ಬಾವಿಗಳಿಂದ ಅಲ್ಲಿ ಶಾಖ ಇರುವುದು ಗೊತ್ತಿತ್ತು, ಮೇಲೆ ಬುಗ್ಗೆ ಇರಲಿಲ್ಲ. ಉತ್ತರ ಗೊತ್ತಿರುವ ಲೆಕ್ಕವನ್ನು ಹೊಸ ವಿಧಾನದಲ್ಲಿ ಮಾಡಿ ತಾಳೆ ನೋಡುವ ಹಾಗೆ. ತಾಳೆ ಆಯಿತು.

ನನಗೆ ಇದರಲ್ಲಿ ತುಂಬ ಇಷ್ಟವಾದ ಕಥೆ ಟೀಲ್ಸ್ ಮಾರ್ಷ್‌ನದು. ನೆವಾಡಾದ ಪಶ್ಚಿಮ ಭಾಗದ ಒಂದು ಒಣಗಿದ ಕೆರೆಯಂಗಳ ಅದು. 1872ರಲ್ಲಿ ಅಲ್ಲಿ ಬಿಳಿಗಾರ ಸಿಕ್ಕಿತು, ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. ಅದನ್ನು ಕೆರೆದು ಮಾರಿದವರು ಸಿರಿವಂತರಾದರು, ಆಮೇಲೆ ಊರು ಪಾಳು ಬಿತ್ತು. ನೂರ ಮೂವತ್ತು ವರ್ಷ ಕಳೆದ ಮೇಲೆ ರೀನೋದವರು ಬೇರೆಯೇ ಪ್ರಶ್ನೆ ಕೇಳಿದರು. ಇಷ್ಟೊಂದು ಬೋರಾನ್ ಇಲ್ಲಿಗೆ ಬಂದದ್ದು ಎಲ್ಲಿಂದ? ಬಿಸಿನೀರು ಕಲ್ಲಿನಿಂದ ಬೋರಾನನ್ನು ಕರಗಿಸಿ ತರುತ್ತದೆ, ನೀರು ಆವಿಯಾದ ಮೇಲೆ ಬಿಳಿಗಾರ ಉಳಿಯುತ್ತದೆ. ಹಾಗಾದರೆ ಬಿಸಿನೀರು ಇನ್ನೂ ಕೆಳಗೆ ಇರಬಹುದಲ್ಲ? ಕೆರೆಯಂಗಳದ ಅಂಚಿನಲ್ಲಿ ಸಲಾಕೆ ಹೊಡೆಯುತ್ತಾ ಹೋದರು, ಬಿಸಿ ಪಟ್ಟಿ ಸಿಕ್ಕಿತು. ಹತ್ತಿರದ ರೋಡ್ಸ್ ಮಾರ್ಷ್‌ನಲ್ಲೂ ಹಾಗೇ. ಎರಡು ಕಡೆಯೂ ಮೇಲೆ ಬಿಸಿನೀರಿನ ಬುಗ್ಗೆ ಇರಲಿಲ್ಲ. ಹಳೆಯ ಉದ್ಯಮ ಬಿಟ್ಟುಹೋದ ಗುರುತು ಮತ್ತು ಒಂದು ಸಲಾಕೆ, ಎರಡನ್ನೂ ಜೋಡಿಸಿ ನೋಡಿದ್ದೇ ಇಲ್ಲಿನ ಜಾಣತನ. ಲಡಾಖ್‌ನ ಪೂಗಾ ಕಣಿವೆಯಲ್ಲೂ ಬುಗ್ಗೆಗಳ ಸುತ್ತ ಬಿಳಿಗಾರ, ಗಂಧಕ ಇವೆ. ಅಂದರೆ ನಮ್ಮಲ್ಲೂ ಇಂಥ ಗುರುತುಗಳಿವೆ. ಗಂಧಕ, ಉಪ್ಪು, ಬಿಳಿಗಾರ ಸಿಗುತ್ತಿದ್ದ ಹಳೆಯ ಜಾಗಗಳ ದಾಖಲೆ ತೆಗೆದು ನೋಡುವುದಕ್ಕೆ ಖರ್ಚೇ ಇಲ್ಲ.

ಇನ್ನು ಇದರ ಮಿತಿ. ಇದನ್ನು ಸರಿಯಾಗಿ ಹೇಳದಿದ್ದರೆ ಸಲಾಕೆಯನ್ನು ಮಂತ್ರದಂಡ ಮಾಡಿದ ಹಾಗಾಗುತ್ತದೆ.

ಸಾಮಾನ್ಯ ನೆಲದಲ್ಲಿ ಕಿಲೋಮೀಟರ್‌ಗೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಎರಡು ಮೀಟರ್‌ಗೆ ಅದು ಬರೀ 0.06 ಡಿಗ್ರಿ, ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ 30 ಮೀಟರ್ ಕೆಳಗೆ 100 ಡಿಗ್ರಿ ನೀರು ಹರಿಯುತ್ತಿದೆ, ಮೇಲ್ಮೈ 15 ಡಿಗ್ರಿ ಇದೆ ಎಂದುಕೊಳ್ಳಿ. ಮೀಟರ್‌ಗೆ ಸುಮಾರು 2.8 ಡಿಗ್ರಿ ಏರಿಕೆ, ಎರಡು ಮೀಟರ್‌ಗೆ ಐದೂವರೆ ಡಿಗ್ರಿ. ಎದ್ದು ಕಾಣುತ್ತದೆ. ಅದೇ ನೀರು 100 ಮೀಟರ್ ಕೆಳಗಿದ್ದರೆ 1.7 ಡಿಗ್ರಿ. ಬಣ್ಣ, ಇಳಿಜಾರು, ಕ್ಯಾಲೆಂಡರ್ ಎಲ್ಲ ಸರಿಯಾಗಿ ಕಳೆದಿದ್ದರೆ ಹಿಡಿಯಬಹುದು. ಇನ್ನೂ ಒಳ್ಳೆಯ 150 ಡಿಗ್ರಿಯ ನೀರು 500 ಮೀಟರ್ ಕೆಳಗಿದ್ದರೆ? ಅರ್ಧ ಡಿಗ್ರಿ. ಗದ್ದಲದಲ್ಲಿ ಮುಳುಗಿಹೋಯಿತು. ಲೆಕ್ಕ ಒರಟಾದದ್ದು, ಮಣ್ಣು ಎಲ್ಲ ಕಡೆ ಒಂದೇ ತರ ಇರುವುದಿಲ್ಲ, ಆದರೂ ಮುಖ್ಯ ವಿಷಯ ಇದರಲ್ಲೇ ಇದೆ. ಈ ಸರ್ವೆ ಹಿಡಿಯುವುದು ಮೇಲ್ಮೈ ಹತ್ತಿರಕ್ಕೆ ಬಂದ ಬಿಸಿನೀರನ್ನು. ಆಳದಲ್ಲೇ ಉಳಿದ ಶಾಖವನ್ನಲ್ಲ.

ಇನ್ನೊಂದು ತೊಡಕು, ಬಿಸಿ ಕಂಡ ಜಾಗದ ನೇರ ಕೆಳಗೇ ಮೂಲ ಇರಬೇಕೆಂದಿಲ್ಲ. ನೀರು ಬಿರುಕಿನಲ್ಲಿ ಮೇಲೆ ಬಂದು, ಮರಳಿನ ಪದರ ಸಿಕ್ಕಿದ ಕೂಡಲೇ ಇಳಿಜಾರಿನ ಕಡೆ ಹರಿಯುತ್ತದೆ. ಮೂಲ ಬೆಟ್ಟದ ಬುಡದಲ್ಲಿದ್ದರೆ ಬಿಸಿ ಕಲೆ ಕಿಲೋಮೀಟರ್‌ಗಟ್ಟಲೆ ಆಚೆ ಕಣಿವೆಯಲ್ಲಿ ಕಾಣಬಹುದು. ಕಲೆಯ ನಡುವೆ ಬಾವಿ ಕೊರೆದರೆ ಮೊದಲು ಬಿಸಿ ಏರಿ, ಬಿಸಿ ಪದರ ದಾಟಿದ ಮೇಲೆ ಮತ್ತೆ ಇಳಿಯುತ್ತದೆ. ಕೊರೆಯುವವರ ಮುಖ ಬಾಡುವುದು ಆಗ. ಮತ್ತೆ, ಮೇಲೆ ತಣ್ಣನೆಯ ಅಂತರ್ಜಲ ಜೋರಾಗಿ ಹರಿಯುತ್ತಿದ್ದರೆ ಕೆಳಗಿನ ಬಿಸಿಯನ್ನೆಲ್ಲ ಅದೇ ಹೊತ್ತುಕೊಂಡು ಹೋಗುತ್ತದೆ, ಸಲಾಕೆಗೆ ಏನೂ ಸಿಗುವುದಿಲ್ಲ. ಹಾಗಾಗಿ ಬಿಸಿ ಕಂಡರೆ ಅದು ಸುದ್ದಿ. ಕಾಣದಿದ್ದರೆ ಇಲ್ಲಿ ಶಾಖವೇ ಇಲ್ಲ ಎಂದು ಷರಾ ಬರೆದು ಫೈಲು ಮುಚ್ಚುವಂತಿಲ್ಲ.

ಅದಕ್ಕೇ ಇದನ್ನು ಒಂಟಿಯಾಗಿ ಬಳಸಬಾರದು. ನೆವಾಡಾದ ಗ್ಯಾಬ್ಸ್ ವ್ಯಾಲಿಯಲ್ಲಿ ಫಾಲ್ಡ್ಸ್ ಅವರ ತಂಡ ಮಾಡಿದ್ದು ಒಳ್ಳೆಯ ಮಾದರಿ. ಮೊದಲು ನಕ್ಷೆಗಳ ಮೇಲೆ ಕೂತು ಬಿರುಕುಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಒಂದು ಮುಗಿದು ಪಕ್ಕದಲ್ಲಿ ಇನ್ನೊಂದು ಶುರುವಾಗುತ್ತದೆ ಎಂದು ಗುರುತಿಸಿದರು. ಅಂಥ ಜಾಗಗಳಲ್ಲಿ ಕಲ್ಲು ಜಾಸ್ತಿ ಪುಡಿಯಾಗಿ ನೀರಿಗೆ ದಾರಿ ಸಿಗುತ್ತದೆ. ಆಮೇಲೆ ಗುರುತ್ವ, ವಿದ್ಯುತ್ ವಾಹಕತೆಯ ಅಳತೆ, ನೀರಿನ ರಾಸಾಯನಿಕ ಪರೀಕ್ಷೆ, ಎರಡು ಮೀಟರ್ ಸರ್ವೆ. ಇಷ್ಟೆಲ್ಲ ಒಂದೇ ಕಡೆ ಬೆರಳು ತೋರಿಸಿದ ಮೇಲೆ ಸಣ್ಣ ಪರೀಕ್ಷಾ ಬಾವಿಗಳು. ಮೇಲೆ ಏನೂ ಕಾಣದ ಆ ಬಯಲಿನಲ್ಲಿ ಸುಮಾರು 150 ಮೀಟರ್ ಆಳಕ್ಕೇ 120 ಡಿಗ್ರಿ ದಾಟಿದ ಬಿಸಿ ಸಿಕ್ಕಿತು. ಹೆಜ್ಜೆ ಹೆಜ್ಜೆಗೂ ಜಾಗ ಕಿರಿದಾಗುತ್ತಾ, ಖರ್ಚು ಹಿರಿದಾಗುತ್ತಾ ಹೋಗುವ ಈ ಕ್ರಮದಲ್ಲಿ ಸಲಾಕೆಯ ಸ್ಥಾನ ರಿಗ್‌ನ ಹಿಂದಿನ ಮೆಟ್ಟಿಲು.

ಒಂದು ಪ್ರಶ್ನೆ ಈಗ ಸಹಜವಾಗಿ ಏಳುತ್ತದೆ. ಬಿಸಿ ಕಲ್ಲನ್ನೇ ಕೊರೆದು, ಒತ್ತಡದಿಂದ ಬಿರುಕು ಬಿಡಿಸಿ, ನಾವೇ ನೀರು ಬಿಟ್ಟು ಬಿಸಿ ಮಾಡಿ ತೆಗೆಯುವ ಹೊಸ ತಂತ್ರ ಬಂದಿದೆಯಲ್ಲ, ಇನ್ನು ಬಿಸಿನೀರು ಹುಡುಕುವುದು ಯಾಕೆ? ಫರ್ವೋ ಕಂಪನಿ 2023ರಲ್ಲಿ ನೆವಾಡಾದಲ್ಲಿ 3.5 ಮೆಗಾವಾಟ್‌ನಷ್ಟು ಮಾಡಿ ತೋರಿಸಿತು. ಆದರೆ ಆ ಪ್ರಯೋಗ ನಡೆದದ್ದು ಎಲ್ಲಿ ಗೊತ್ತಾ? ಚಿನ್ನ ಹುಡುಕುವಾಗ ಬಿಸಿನೀರು ಸಿಕ್ಕಿದ ಅದೇ ಬ್ಲೂ ಮೌಂಟನ್ ಪಕ್ಕದಲ್ಲಿ. ಕಡಿಮೆ ಆಳಕ್ಕೆ ಜಾಸ್ತಿ ಬಿಸಿ ಸಿಗುವ ಜಾಗ ಹೊಸ ತಂತ್ರಕ್ಕೂ ಬೇಕು, ಯಾಕೆಂದರೆ ಕೊರೆಯುವ ಪ್ರತಿ ಮೀಟರ್‌ಗೂ ದುಡ್ಡು ಕೊಡಬೇಕು. ಹುಡುಕುವ ಕೆಲಸ ಮುಗಿದಿಲ್ಲ.

ನಮ್ಮ ದೇಶಕ್ಕೆ ಬರೋಣ. ಪೂಗಾ ಕಣಿವೆ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1973ರಿಂದಲೇ ಅಲ್ಲಿ ಕೆಲಸ ಮಾಡಿದೆ. 34 ಬಾವಿ ಕೊರೆದರು, ಎಲ್ಲಕ್ಕಿಂತ ಆಳವಾದದ್ದು ಸುಮಾರು 385 ಮೀಟರ್, ಸಿಕ್ಕಿದ ಬಿಸಿ ಸುಮಾರು 140 ಡಿಗ್ರಿ. ಅಷ್ಟು ಕಡಿಮೆ ಆಳಕ್ಕೆ ಅದು ಸಣ್ಣ ಮಾತಲ್ಲ. ಆಮೇಲೆ ದಶಕಗಟ್ಟಲೆ ಮುಂದಿನ ಹೆಜ್ಜೆಯೇ ಇಡಲಿಲ್ಲ. 2021ರ ಫೆಬ್ರವರಿಯಲ್ಲಿ ಒಎನ್‌ಜಿಸಿ ಎನರ್ಜಿ ಸೆಂಟರ್ ಮತ್ತು ಲಡಾಖ್ ಆಡಳಿತ ಒಪ್ಪಂದಕ್ಕೆ ಸಹಿ ಹಾಕಿದವು, ಮೊದಲ ಗುರಿ 1 ಮೆಗಾವಾಟ್. 2022ರಲ್ಲಿ ಕೊರೆಯುವಾಗ ಮೇಲ್ಮೈ ಹತ್ತಿರವೇ ಒತ್ತಡದ ಬಿಸಿನೀರು, ಹಬೆ ಎದುರಾಗಿ ಕೆಲಸ ತೊಡಕಾಯಿತು. ಅಷ್ಟು ಎತ್ತರದಲ್ಲಿ, ಕೆಲವೇ ತಿಂಗಳು ಕೆಲಸ ಮಾಡಬಹುದಾದ ಜಾಗದಲ್ಲಿ, ಒಂದು ಬಾವಿ ನಿಂತರೆ ವರ್ಷವೇ ಹೋಗುತ್ತದೆ. ಬಿಸಿನೀರು ಮೇಲಕ್ಕೆ ಎಲ್ಲಿ ಬಂದಿದೆ, ಎಲ್ಲಿ ಅಡ್ಡಕ್ಕೆ ಹರಡಿದೆ ಎಂಬ ನಕ್ಷೆ ಎಷ್ಟು ಸೂಕ್ಷ್ಮವಾಗಿದ್ದರೆ ಅಷ್ಟು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಛತ್ತೀಸ್‌ಗಢದ ತಾತಾಪಾನಿಯಲ್ಲಿ ಕುದಿಯುವ ಹತ್ತಿರದ ಬುಗ್ಗೆಗಳಿವೆ. ಅಲ್ಲೂ ಮುಖ್ಯ ಪ್ರಶ್ನೆ ಬುಗ್ಗೆ ಎಲ್ಲಿದೆ ಎಂಬುದಲ್ಲ, ಅದಕ್ಕೆ ನೀರು ತರುವ ಬಿರುಕು ಎಲ್ಲಿದೆ ಎಂಬುದು.

ಕರ್ನಾಟಕದವರು ಕೇಳುತ್ತಾರೆ, ನಮ್ಮಲ್ಲಿ? ಇದಕ್ಕೆ ಕೋಲಾರದ ಚಿನ್ನದ ಗಣಿ ಉತ್ತರ ಕೊಟ್ಟಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ ಸುಮಾರು 65 ಡಿಗ್ರಿ. ಆ ಧಗೆಯಲ್ಲಿ ಬಗ್ಗಿ ಕಲ್ಲು ಒಡೆದವರ ಕಷ್ಟ ನೆನೆದರೆ ಹೊಟ್ಟೆ ಕಿವುಚುತ್ತದೆ. ಆದರೆ ಭೂಶಾಖದ ಲೆಕ್ಕದಲ್ಲಿ ಅದು ತಂಪು ನೆಲ. ಕಿಲೋಮೀಟರ್‌ಗೆ ಸುಮಾರು 12 ಡಿಗ್ರಿ ಏರಿಕೆ, ಸಾಮಾನ್ಯ ನೆಲದ ಅರ್ಧ. ಅದೇ ಲೆಕ್ಕದಲ್ಲಿ 150 ಡಿಗ್ರಿ ಮುಟ್ಟಬೇಕಾದರೆ ಹತ್ತು ಕಿಲೋಮೀಟರ್ ಕೊರೆಯಬೇಕು. ನಮ್ಮ ಧಾರವಾಡ ಶಿಲಾಫಲಕ ಭೂಮಿಯ ಹಳೆಯ ತುಂಡುಗಳಲ್ಲಿ ಒಂದು, ದಪ್ಪ, ಗಟ್ಟಿ, ತಂಪು. ಹಾಗಾಗಿ ಕರ್ನಾಟಕದಲ್ಲಿ ದೊಡ್ಡ ಭೂಶಾಖ ವಿದ್ಯುತ್ ಸ್ಥಾವರ ಬರುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲು ಈ 12 ಡಿಗ್ರಿಯ ಬಗ್ಗೆ ಕೇಳಿ.

ಹಾಗೆಂದು ಪೂರ್ತಿ ಕೈ ತೊಳೆದುಕೊಳ್ಳಬೇಕಿಲ್ಲ. ಪುತ್ತೂರು ಹತ್ತಿರ ಇರ್ದೆಯಲ್ಲಿ ಬೆಂದ್ರು ತೀರ್ಥ ಇದೆ. ತುಳುವಿನಲ್ಲಿ ಬೆಂದ್ರು ಅಂದರೆ ಬಿಸಿನೀರು. ಮೈಗೆ ಹಿತವಾಗುವಷ್ಟು ಬೆಚ್ಚನೆಯ ನೀರು, ಅಷ್ಟೇ, ಟರ್ಬೈನ್ ತಿರುಗಿಸುವ ಬಿಸಿ ಅಲ್ಲ. ಆದರೆ ತಂಪು ನೆಲದಲ್ಲಿ ಬೆಚ್ಚನೆ ನೀರು ಬಂದಿದೆ ಅಂದರೆ ಎಲ್ಲೋ ಆಳಕ್ಕೆ ಇಳಿದ ಬಿರುಕೊಂದು ಇದೆ ಎಂದೇ ಅರ್ಥ. ಕರಾವಳಿಯಲ್ಲಿ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ರತ್ನಾಗಿರಿ, ರಾಯಗಡ ಜಿಲ್ಲೆಗಳಲ್ಲಿ ಬಿಸಿನೀರಿನ ಬುಗ್ಗೆಗಳ ಸಾಲೇ ಇದೆ. ಆ ಸಾಲಿಗೂ ಇರ್ದೆಗೂ ನಡುವೆ ಮೇಲೆ ಕಾಣದ ಬೆಚ್ಚನೆಯ ಜಾಗಗಳು ಇವೆಯೋ ಇಲ್ಲವೋ ಎಂದು ನೋಡಲು ಸಲಾಕೆಗಿಂತ ಅಗ್ಗದ ದಾರಿ ಇಲ್ಲ.

ನೆವಾಡಾದ ವಿಧಾನವನ್ನು ಹಾಗೇ ಎತ್ತಿ ತಂದರೆ ಮಾತ್ರ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ವ್ಯತ್ಯಾಸ ಕಡಿಮೆ, ಆದ್ದರಿಂದ ಕ್ಯಾಲೆಂಡರಿನ ತಲೆನೋವು ಕಡಿಮೆ, ಇದು ಅನುಕೂಲ. ಆದರೆ ಮುಂಗಾರು ಇದೆ. ಜೂನ್‌ನಿಂದ ಸುರಿಯುವ ನೀರು ಎರಡು ಮೀಟರ್ ಅಲ್ಲ, ಹತ್ತು ಮೀಟರ್ ತನಕ ಇಳಿದು ಎಲ್ಲ ಕಲಸಿಬಿಡುತ್ತದೆ. ಗದ್ದೆ, ಅಡಿಕೆ ತೋಟ, ಸ್ಪ್ರಿಂಕ್ಲರ್ ಬಿಟ್ಟ ಜಾಗ ಅಳತೆಗೆ ಆಗುವುದಿಲ್ಲ. ಮುರಕಲ್ಲು ಗಟ್ಟಿ ಇರುವ ಕಡೆ ಸಲಾಕೆ ಇಳಿಯುವುದೇ ಇಲ್ಲ, ಮೊದಲು ಕಲ್ಲು ಕೊರೆಯುವ ಡ್ರಿಲ್ ಬೇಕು. ಮಳೆ ನಿಂತು ನಾಲ್ಕೈದು ತಿಂಗಳಾಗಿ, ಮಣ್ಣು ಒಣಗಿ, ಅಂತರ್ಜಲ ಇಳಿದ ಫೆಬ್ರವರಿ, ಮಾರ್ಚ್ ತಿಂಗಳೇ ಸರಿಯಾದ ಕಾಲ. ಮರದ ನೆರಳಿನ ಜಾಗವನ್ನೂ ಬಯಲಿನ ಜಾಗವನ್ನೂ ಒಂದೇ ಪಟ್ಟಿಗೆ ಸೇರಿಸದೆ ಬೇರೆ ಬೇರೆ ಹಿನ್ನೆಲೆ ಹಿಡಿಯಬೇಕು. ಇದನ್ನೆಲ್ಲ ನಮ್ಮ ಮಣ್ಣಿನಲ್ಲೇ ಮಾಡಿ ಕಲಿಯಬೇಕು, ಭೂವಿಜ್ಞಾನ ಓದುವ ಕಾಲೇಜು ಹುಡುಗ ಹುಡುಗಿಯರ ಒಂದು ತಂಡಕ್ಕೆ ಇದು ಕೈಗೆಟುಕುವ ಕೆಲಸ.

ನೀತಿ ಬರೆದವರಲ್ಲಿ ನನ್ನ ಕೋರಿಕೆ ಒಂದೇ. ಪರವಾನಗಿ ಪಡೆದ ಕಂಪನಿ ಯಾವುದೇ ಇರಲಿ, ಅದು ಅಳೆದ ಪ್ರತಿ ಎರಡು ಮೀಟರ್ ಓದೂ ಇಂತಿಷ್ಟು ಕಾಲದ ನಂತರ ಸಾರ್ವಜನಿಕರಿಗೆ ಸಿಗಬೇಕು, ಬಿಸಿ ಕಂಡದ್ದೂ, ಏನೂ ಕಾಣದ್ದೂ. ತಣ್ಣಗಿದ್ದ ಜಾಗಗಳ ಪಟ್ಟಿಯನ್ನು ಯಾರೂ ತಾವಾಗಿ ಪ್ರಕಟಿಸುವುದಿಲ್ಲ, ಆದರೆ ಆ ಪಟ್ಟಿ ಇಲ್ಲದಿದ್ದರೆ ಹಿನ್ನೆಲೆ ಎಷ್ಟು ಎಂದು ತೀರ್ಮಾನಿಸಲು ಬರುವುದಿಲ್ಲ, ಮುಂದೆ ಬಂದವರು ಅದೇ ತಣ್ಣನೆ ನೆಲಕ್ಕೆ ಮತ್ತೆ ಸಲಾಕೆ ಹೊಡೆಯುತ್ತಾರೆ. ಸ್ಲಾಡೆಕ್, ಕೂಲ್‌ಬಾ ಸುಮ್ಮನೆ ಸರ್ವೆ ಮಾಡಿ ಬಿಡಲಿಲ್ಲ. ಬೇರೆ ಬೇರೆ ವರ್ಷ, ಬೇರೆ ಬೇರೆ ತಿಂಗಳಲ್ಲಿ ತೆಗೆದ ಓದುಗಳನ್ನು ಒಂದೇ ಅಳತೆಗೆ ತಂದು ಆನ್‌ಲೈನ್ ನಕ್ಷೆಯಲ್ಲಿ ಹಾಕಿದರು. ಯಾರು ಬೇಕಾದರೂ ತೆರೆದು ನೋಡಿ, ತಮ್ಮ ಕಣಿವೆಯಲ್ಲಿ ಎಲ್ಲಿ ಈಗಾಗಲೇ ಅಳೆದಿದ್ದಾರೆ, ಎಲ್ಲಿ ಅಳೆದಿಲ್ಲ ಎಂದು ತಿಳಿಯುವ ಹಾಗೆ.